‘ಕಾಸ್ಟ್’ ಶಬ್ದದ ಪ್ರಸಂಗ

ಕಳೆದ ಮಳೆಗಾಲದಲ್ಲಿ ನಮ್ಮ ಮೊಮ್ಮಗಳು ಸೀಬೆಯ ಮರದಿಂದ ಬಿದ್ದು ಬಲಗೈಯ ಮಣಿಕಟ್ಟಿನ ಮೂಳೆಯನ್ನು ಮುರಿದುಕೊಂಡಳು. ವೈದ್ಯರು ಮೂಳೆಯನ್ನು ಕೂಡಿಸಿ, ಮೊಣಕೈಯವರೆಗೆ ಬಿಳಿಯ ಗಟ್ಟಿ ಪಟ್ಟಿಯನ್ನು ಹಾಕಿ, ಅದನ್ನು ನೆನೆಯಗೊಡಬಾರದೆಂದು ಎಚ್ಚರಿಸಿ, ಚೀಟಿಯಲ್ಲಿ ಇಂಗ್ಲಿಷಿನಿಂದ ‘ಕಾಸ್ಟ್’ ಎಂದು ಬರೆದುಕೊಟ್ಟರು. ನಾವೆಲ್ಲರೂ ಪ್ಲಾಸ್ಟರ್ ಎನ್ನುತ್ತಿದ್ದ ವಸ್ತುವಿಗೆ ಇಂತಹದೊಂದು ಹೊಸ ಹೆಸರಿರುವುದು ಒಂಬತ್ತು ವರ್ಷದ ಆ ಮಗುವಿಗೆ ಬಹಳ ಹಿಡಿಸಿತು. ಬಂದವರಿಗೆಲ್ಲ “ನನ್ನ ಕಾಸ್ಟ್ ನೋಡಿ” ಎಂದು ಕೈ ನೀಡಿ ತೋರಿಸತೊಡಗಿದಳು.

ಅದೇ ವಾರ ಅವಳ ಶಾಲೆಯಿಂದ ಒಂದು ಅರ್ಜಿಯ ನಮೂನೆ ಬಂದಿತು. ನಿವೃತ್ತನಾದ ಮೇಷ್ಟರು ಮನೆಯಲ್ಲಿರುವಾಗ ಅಂತಹ ಕಾಗದಗಳನ್ನು ತುಂಬುವ ಕೆಲಸ ಬೇರೆ ಯಾರ ಪಾಲಿಗೆ ಬಂದೀತು? ಮಗುವು ಅಂಕಣಗಳನ್ನು ಒಂದೊಂದಾಗಿ ಓದುತ್ತಿದ್ದಳು, ನಾವು ಬರೆಯುತ್ತಿದ್ದೆವು. ಹುಟ್ಟಿದ ದಿನ ಆಯಿತು, ತಂದೆಯ ಹೆಸರು ಆಯಿತು. ಆಮೇಲೆ ಅವಳು ತಟ್ಟನೆ ತಲೆಯೆತ್ತಿ, “ತಾತ, ಇಲ್ಲಿ ಕಾಸ್ಟ್ ಅಂತ ಕೇಳಿದ್ದಾರೆ. ಬಲಗೈ ಅಂತ ಬರೆಯೋದಾ?” ಎಂದಳು.

ಮನೆಯವರೆಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ನಗೆಯು ಬೇಗನೆ ನಿಂತುಹೋಯಿತು. ಏಕೆಂದರೆ ಈ ಎರಡು ಶಬ್ದಗಳನ್ನು ಕಲಸಿ ಒಂದಾಗಿ ಮಾಡಿದ ತಪ್ಪನ್ನು ನಾವೂ ಒಮ್ಮೆ ಮಾಡಿದ್ದೆವು. ಅದನ್ನು ಮಗುವಿನಂತೆ ಮನೆಯೊಳಗೆ ಮಾಡಲಿಲ್ಲ, ಮೇಷ್ಟರ ಕುರ್ಚಿಯ ಮುಂದೆ ನಿಂತು ಮಾಡಿದೆವು. ಆ ಸಂಗತಿಯನ್ನು ಮುಂದೆ ಹೇಳುವೆವು. ಆಗ ಮಗುವಿಗೆ, “ಅದು ಬೇರೆಯ ಕಾಸ್ಟ್, ಅದರ ಕೊನೆಗೆ ‘ಇ’ ಎಂಬ ಅಕ್ಷರ ಹೆಚ್ಚಾಗಿದೆ ನೋಡು” ಎಂದಷ್ಟೇ ಹೇಳಿದೆವು. “ಒಂದಕ್ಷರಕ್ಕೆ ಅಷ್ಟು ವ್ಯತ್ಯಾಸವೇ?” ಎಂದು ಕೇಳಿ ಅವಳು ಆಡಲು ಹೋದಳು. ನಾವು ಮಾತ್ರ ಕಪಾಟಿನಿಂದ ನಿಘಂಟನ್ನು ಇಳಿಸಿಕೊಂಡು ಕುಳಿತೆವು.

‘ಇ’ ಇಲ್ಲದ ಕಾಸ್ಟ್ ಎಂಬುದಕ್ಕೆ ಮೂಲಾರ್ಥ ಎಸೆಯುವುದು ಎಂದು. ಇಷ್ಟು ಚಿಕ್ಕ ಶಬ್ದವು ಹೊತ್ತಿರುವ ಅರ್ಥಗಳ ಹೊರೆಯನ್ನು ನೋಡಿದರೆ ಆಶ್ಚರ್ಯವಾಗುವುದು. ಬೆಸ್ತನು ಬಲೆಯನ್ನು ಬೀಸುವುದೂ ಕಾಸ್ಟ್, ಹಾವು ಪೊರೆಯನ್ನು ಕಳಚುವುದೂ ಕಾಸ್ಟ್, ನಾಟಕದಲ್ಲಿ ಇಂತಹವರಿಗೆ ಇಂತಹ ಪಾತ್ರವೆಂದು ಹಂಚುವುದೂ ಕಾಸ್ಟ್. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವುದಕ್ಕೆ ಅದೇ ಹೆಸರು. ಆ ಅಚ್ಚಿನ ಅರ್ಥದಿಂದಲೇ ಮುರಿದ ಕೈಯ ಸುತ್ತ ಗಟ್ಟಿಯಾಗುವ ಪಟ್ಟಿಗೂ ಆ ಹೆಸರು ಬಂದಿತು. ಇಂಗ್ಲಿಷ್ ಕಲಿಯುವ ನಮ್ಮ ಹುಡುಗರು ‘ಎಸೆ’ ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಕೊಂಡು ಈ ಕಾಡಿನೊಳಕ್ಕೆ ಹೊಕ್ಕರೆ ದಾರಿ ತಪ್ಪದೆ ಇರುವುದು ಹೇಗೆ?

ನಮಗೆ ತೋರುವ ಮಟ್ಟಿಗೆ, ಈ ಶಬ್ದಕ್ಕೆ ಸರಿಯಾದ ಕನ್ನಡ ಜೋಡಿ ‘ಎಸೆ’ ಅಲ್ಲ, ‘ಹಾಕು’. ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಇಂಗ್ಲಿಷರು ಲಂಗರನ್ನು ‘ಕಾಸ್ಟ್’ ಮಾಡುವಲ್ಲಿ ನಾವು ಲಂಗರು ಹಾಕುವೆವು. ಅವರು ಮತವನ್ನು ‘ಕಾಸ್ಟ್’ ಮಾಡುವರು, ನಾವು ಮತ ಹಾಕುವೆವು. ಅವರ ಜ್ಯೋತಿಷಿಯು ಜಾತಕವನ್ನು ‘ಕಾಸ್ಟ್’ ಮಾಡುವನು, ನಮ್ಮ ಜೋಯಿಸರು ಕುಂಡಲಿ ಹಾಕುವರು. ಮಾಟಗಾರನ ವಿಷಯದಲ್ಲಿಯೂ ಹಾಗೆಯೇ. ಅವನು ಅಲ್ಲಿ ಮಂತ್ರವನ್ನು ಎಸೆಯುವನು, ಇಲ್ಲಿ ಹಾಕುವನು. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಲೆಕ್ಕವನ್ನು ಕೂಡುವುದಕ್ಕೂ ಕಾಸ್ಟ್ ಎನ್ನುತ್ತಿದ್ದರು. ಗೆರೆಗಳನ್ನೆಳೆದ ಮಣೆಯ ಮೇಲೆ ಬಿಲ್ಲೆಗಳನ್ನಿಟ್ಟು ಎಣಿಸುತ್ತಿದ್ದ ಕಾಲವದು. ನಾವು ಇಂದಿಗೂ ಲೆಕ್ಕ ಹಾಕುತ್ತಲೇ ಇದ್ದೇವೆ. ಎರಡು ದೂರದ ಭಾಷೆಗಳು ಒಂದನ್ನೊಂದು ನೋಡದೆ ಒಂದೇ ಕೆಲಸಕ್ಕೆ ಒಂದೇ ಬಗೆಯ ಕ್ರಿಯಾಪದವನ್ನು ಹಚ್ಚಿರುವುದನ್ನು ಕಂಡಾಗ, ಮನುಷ್ಯರ ಮನಸ್ಸು ಎಲ್ಲೆಡೆಯಲ್ಲಿಯೂ ಹೆಚ್ಚು ಕಡಿಮೆ ಒಂದೇ ಜಾಡಿನಲ್ಲಿ ನಡೆಯುವುದೆಂದು ಹೇಳಬೇಕಾಗಿದೆ.

ಲೋಹದ ವಿಷಯದಲ್ಲಿ ಮಾತ್ರ ನಮ್ಮವರು ಬೇರೆ ದಾರಿಯನ್ನು ಹಿಡಿದರು. ಇಂಗ್ಲಿಷಿನವನು ಕಾದ ಕಬ್ಬಿಣವನ್ನು ಎಸೆದರೆ ಕನ್ನಡಿಗನು ಅದನ್ನು ಎರೆಯುವನು, ಎರೆದುದು ಎರಕ. ಹಳಗನ್ನಡದಲ್ಲಿ ಎರಕವೆಂದರೆ ಪ್ರೀತಿ, ಅನುರಾಗ ಎಂಬ ಅರ್ಥವೂ ಉಂಟು. ಮನಸ್ಸು ಕರಗಿ ಮತ್ತೊಂದರೊಳಕ್ಕೆ ಇಳಿಯುವುದನ್ನು ನಮ್ಮ ಹಿರಿಯರು ಲೋಹಕಾರನ ಮೂಸೆಯಲ್ಲಿ ಕಂಡಿದ್ದಿರಬೇಕು.

ಇನ್ನು ಕನ್ನಡದಲ್ಲಿ ಎಸೆಯುವುದಕ್ಕೆ ಶಬ್ದಗಳಿಗೇನು ಬಡತನವಿಲ್ಲ. ಬಿಸುಡು, ಬೀಸು, ಎರಚು, ತೂರು, ಈಡಾಡು ಮೊದಲಾಗಿ ಎಷ್ಟೋ ಇವೆ. ‘ಎಸೆ’ ಎಂಬುದಕ್ಕೇ ಹಳೆಯ ಕಾವ್ಯಗಳಲ್ಲಿ ಶೋಭಿಸು ಎಂಬ ಅರ್ಥವುಂಟಷ್ಟೆ. ‘ಒಗೆ’ಯ ಕಥೆಯಂತೂ ವಿನೋದವಾದುದು. ನಾವು ಹಳೆಯ ಮೈಸೂರು ಸೀಮೆಯವರು. ಮೊದಲ ಬಾರಿಗೆ ಧಾರವಾಡದ ಕಡೆಗೆ ಒಂದು ತರಬೇತಿಗೆ ಹೋಗಿದ್ದಾಗ, ಬೀದಿಯಲ್ಲಿ ಒಬ್ಬ ಹುಡುಗನು ಮತ್ತೊಬ್ಬನ ಮೇಲೆ, “ಇವ ಕಲ್ಲು ಒಗದಾನ್ರೀ” ಎಂದು ದೂರು ಹೇಳುತ್ತಿದ್ದನು. ಕಲ್ಲನ್ನು ಒಗೆದು ಶುಭ್ರ ಮಾಡಿದವನ ಮೇಲೆ ದೂರೇಕೆಂದು ನಾವು ಬೆರಗಾಗಿ ನಿಂತೆವು. ಅಲ್ಲಿ ಒಗೆಯುವುದೆಂದರೆ ಎಸೆಯುವುದೆಂದು ತಿಳಿದುದು ಆಮೇಲೆ. ಅದೇ ಒಗೆಯು ಹಳಗನ್ನಡದಲ್ಲಿ ಹುಟ್ಟು ಎಂಬ ಅರ್ಥವನ್ನೂ ಕೊಡುವುದು.

ಸಂಸ್ಕೃತದ ವಿಷಯಕ್ಕೆ ಬಂದರೆ ನಮ್ಮ ಲೇಖನಿ ಸ್ವಲ್ಪ ಉದ್ದವಾಗಿ ಓಡುವುದನ್ನು ವಾಚಕರು ಮನ್ನಿಸಬೇಕು. ಎಸೆಯುವುದು ಎಂಬ ಅರ್ಥದ ‘ಅಸ್’ ಎಂಬ ಧಾತುವೊಂದಿದೆ. ಇರುವುದು ಎಂಬರ್ಥದ ‘ಅಸ್’ ಬೇರೆ. ಎಸೆಯಲ್ಪಡುವುದರಿಂದ ಬಾಣವೇ ಮೊದಲಾದುವು ಅಸ್ತ್ರ. ಕೈಯಲ್ಲಿ ಹಿಡಿದೇ ಕಡಿಯುವ ಕತ್ತಿಯು ಶಸ್ತ್ರ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಈ ಧಾತುವಿಗೆ ಉಪಸರ್ಗಗಳನ್ನು ಸೇರಿಸುತ್ತ ಹೋದಾಗ ಏನಾಗುವುದೆಂಬುದನ್ನು ನೋಡಬೇಕು. ಒಂದೆಡೆಗೆ ಕೂಡಿಸಿ ಎಸೆದರೆ ಸಮಾಸ, ಬಿಡಿಬಿಡಿಯಾಗಿ ಹರಡಿ ಎಸೆದರೆ ವ್ಯಾಸ. ವೇದವನ್ನು ವಿಂಗಡಿಸಿದ ಮಹರ್ಷಿಯ ಹೆಸರು ಇದೇ. ಕೆಳಗೆ ಇರಿಸಿದರೆ ನ್ಯಾಸ, ಎಲ್ಲವನ್ನೂ ಕೆಳಗಿಳಿಸಿಬಿಟ್ಟರೆ ಸಂನ್ಯಾಸ. ಒಂದೇ ಗುರಿಗೆ ಮತ್ತೆ ಮತ್ತೆ ಎಸೆಯುತ್ತಿರುವುದು ಅಭ್ಯಾಸ. ಕೇಳುವವರ ಹತ್ತಿರ ತಂದಿರಿಸುವುದು ಉಪನ್ಯಾಸ. ಮೂವತ್ತಕ್ಕೂ ಹೆಚ್ಚು ವರ್ಷ ನಾವು ಹೊಟ್ಟೆ ಹೊರೆದುಕೊಂಡುದು ಈ ಕೆಲಸದಿಂದಲೇ. ಮಗುವು ಕೇಳಿದ ‘ವ್ಯತ್ಯಾಸ’ವೂ ಇದೇ ಧಾತುವಿನ ಮಗುವೆಂಬುದು ಆ ದಿನ ಸಂಜೆ ನಮಗೆ ಹೊಳೆದು, ಒಬ್ಬರೇ ನಕ್ಕೆವು.

‘ಕ್ಷಿಪ್’ ಎಂಬ ಇನ್ನೊಂದು ಧಾತುವಿನ ಸಂಸಾರವೂ ಇಷ್ಟೇ ದೊಡ್ಡದು: ಸಂಕ್ಷೇಪ, ವಿಕ್ಷೇಪ, ನಿಕ್ಷೇಪ, ಪ್ರಕ್ಷೇಪ, ಅಧಿಕ್ಷೇಪ. ಇವುಗಳಲ್ಲಿ ಆಕ್ಷೇಪವೆಂಬುದೊಂದನ್ನು ಇಂಗ್ಲಿಷಿನ ‘ಅಬ್ಜೆಕ್ಷನ್’ ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಆ ಶಬ್ದವು ಲ್ಯಾಟಿನಿನ ಎಸೆಯುವ ಧಾತುವಿನಿಂದ ಬಂದುದು. ಎದುರಿಗೆ ಎಸೆದುದು ಎಂದು ಅದರ ಅವಯವಾರ್ಥ. ಗ್ರೀಕರ ಎಸೆಯುವ ಧಾತುವಿನಿಂದ ‘ಪ್ರಾಬ್ಲೆಮ್’ ಬಂದಿದೆ, ಮುಂದಕ್ಕೆ ಎಸೆದುದು ಎಂದು. ದೆವ್ವಕ್ಕೆ ಹೇಳುವ ‘ಡೆವಿಲ್’ ಎಂಬುದೂ ಅಲ್ಲಿಯದೇ. ಅಡ್ಡಲಾಗಿ ಎಸೆಯುವವನು, ಎಂದರೆ ಚಾಡಿಕೋರನು. ಮನುಷ್ಯನು ಕಲ್ಲನ್ನು ಎಸೆಯಲು ಕಲಿತ ಕೈಯಿಂದಲೇ ಮಾತನ್ನೂ ಎಸೆಯಲು ಕಲಿತನೋ ಏನೋ.

ಇಂಗ್ಲಿಷಿನ ಕಾಸ್ಟ್ ಎಂಬುದು ಲ್ಯಾಟಿನಿನದೂ ಅಲ್ಲ, ಗ್ರೀಕಿನದೂ ಅಲ್ಲ. ಇಂಗ್ಲೆಂಡಿನ ಮೂಲನುಡಿಯೂ ಅಲ್ಲ. ಎಂಟನೆಯ ಶತಮಾನದ ಕೊನೆಯಿಂದ ಮೊದಲುಗೊಂಡು ಉತ್ತರಸಮುದ್ರವನ್ನು ದಾಟಿ ಬಂದು ಆ ದ್ವೀಪದಲ್ಲಿ ಮೊದಲು ಸುಲಿಗೆಮಾಡಿ ಆಮೇಲೆ ನೆಲೆನಿಂತ ನಾರ್ಸ್ ಜನರ ‘ಕಸ್ತ’ ಎಂಬ ಮಾತದು. ಸ್ವೀಡನ್ ದೇಶದವರು ಈಗಲೂ ಎಸೆಯುವುದಕ್ಕೆ ಅದನ್ನೇ ಹೇಳುವರು. ಅದು ಬರುವ ಮೊದಲು ಇಂಗ್ಲಿಷಿನಲ್ಲಿ ಎಸೆಯುವುದಕ್ಕೆ ಇದ್ದ ಶಬ್ದವೇ ಇಂದಿನ ‘ವಾರ್ಪ್’. ಅದಕ್ಕೆ ಈಗ ಮಗ್ಗದ ಹಾಸು ಎಂದೂ, ಹಲಗೆ ಸೊಟ್ಟಗಾಗುವುದು ಎಂದೂ ಅರ್ಥ. ಇತ್ತ ‘ಥ್ರೋ’ ಎಂಬುದಕ್ಕೆ ಆಗ ತಿರುಚುವುದು, ಹೊಸೆಯುವುದು ಎಂದು ಅರ್ಥವಿದ್ದಿತು. ನೂಲಿಗೆ ಹೇಳುವ ‘ಥ್ರೆಡ್’ ಅದರ ದಾಯಾದಿ. ಕುಂಬಾರನು ತಿಗರಿಯ ಮೇಲೆ ಮಡಕೆಯನ್ನು ತಿರುಗಿಸಿ ಎತ್ತುವುದಕ್ಕೆ ಅವರು ಇಂದಿಗೂ ‘ಥ್ರೋ’ ಎನ್ನುವುದು ಆ ಹಳೆಯ ಅರ್ಥದ ಉಳಿಕೆ. ಹೀಗೆ ಎಸೆಯುತ್ತಿದ್ದ ಮಾತು ಸೊಟ್ಟಗಾಗಿ, ಹೊಸೆಯುತ್ತಿದ್ದ ಮಾತು ಎಸೆಯತೊಡಗಿ, ನಡುವೆ ಕೆಲವು ಶತಮಾನಗಳ ಕಾಲ ಪರದೇಶದ ಕಾಸ್ಟ್ ಶಬ್ದವು ಯಜಮಾನಿಕೆ ನಡೆಸಿತು. 1611ರಲ್ಲಿ ಹೊರಬಂದ ಅವರ ಬೈಬಲ್ ಭಾಷಾಂತರದಲ್ಲಿ ಕಲ್ಲನ್ನಾಗಲಿ ಬಲೆಯನ್ನಾಗಲಿ ಚೀಟಿಯನ್ನಾಗಲಿ ಎಸೆಯುವಲ್ಲಿ ಮೇಲಿಂದ ಮೇಲೆ ಕಾಣುವುದು ಈ ಶಬ್ದವೇ. ಈಗ ಬೀದಿಯ ಮಾತಿನಲ್ಲಿ ಚೆಂಡನ್ನು ಯಾರೂ ಕಾಸ್ಟ್ ಮಾಡುವುದಿಲ್ಲ. ಅದು ಗತಕಾಲದ ಜಮೀನ್ದಾರನಂತೆ ವಿಶೇಷ ಸಂದರ್ಭಗಳಲ್ಲಿ ಮಾತ್ರ ಮರ್ಯಾದೆ ಪಡೆಯುತ್ತಿದೆ.

ಆದರೂ ಹೊಸ ಸಂತಾನಕ್ಕೆ ಕೊರತೆಯಿಲ್ಲ. ಹೊಲದಲ್ಲಿ ಕೂರಿಗೆಯನ್ನು ಹೂಡದೆ, ಬೀಜವನ್ನು ಕೈಯಿಂದ ಅಗಲವಾಗಿ ಚೆಲ್ಲಿ ಬಿತ್ತುವುದಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬೇಸಾಯಗಾರರು ‘ಬ್ರಾಡ್‌ಕಾಸ್ಟ್’ ಎನ್ನುತ್ತಿದ್ದರು. 1920ರ ಸುಮಾರಿಗೆ, ತಂತಿಯ ಹಂಗಿಲ್ಲದೆ ಧ್ವನಿಯನ್ನು ನಾಲ್ಕು ದಿಕ್ಕಿಗೂ ಚೆಲ್ಲುವ ವಿದ್ಯೆ ಬಳಕೆಗೆ ಬಂದಾಗ, ರೈತನ ಆ ಮಾತನ್ನೇ ಎತ್ತಿಕೊಂಡರು. ಯಾರ ಹೊಲದಲ್ಲಿ ಬಿದ್ದೀತು, ಎಲ್ಲಿ ಮೊಳೆತೀತು ಎಂಬುದು ಚೆಲ್ಲುವವನಿಗೆ ಗೊತ್ತಿಲ್ಲದಿರುವುದು ಎರಡಕ್ಕೂ ಸಮಾನವಷ್ಟೆ. ನಮ್ಮಲ್ಲಿ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿಯ ನಿಲಯವನ್ನು ತೆರೆದಾಗ ಅದಕ್ಕೆ ಹೊಲದ ಹೆಸರನ್ನಿಡದೆ ಪುರಾಣದ ಹೆಸರನ್ನಿಟ್ಟು ಆಕಾಶವಾಣಿ ಎಂದರು; ಮುಂದೆ ಭಾರತಕ್ಕೆಲ್ಲ ಅದೇ ಹೆಸರಾಯಿತು. ಹವೆಯನ್ನು ಮುಂದಾಗಿ ಹೇಳುವ ‘ಫೋರ್‌ಕಾಸ್ಟ್’ ಎಂಬ ಪ್ರಯೋಗವು ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿಯದು. ಆತನು 1861ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೂಲಕ ಹವೆಯ ಮುನ್ಸೂಚನೆಯನ್ನು ಕೊಡಲಾರಂಭಿಸಿದಾಗ, ತನ್ನದು ಭವಿಷ್ಯವಾಣಿಯಲ್ಲ, ಲೆಕ್ಕಾಚಾರವೆಂದು ತೋರಿಸುವುದಕ್ಕಾಗಿ ಬೇಕೆಂದೇ ಆ ಶಬ್ದವನ್ನು ಆರಿಸಿಕೊಂಡನು. ನಮ್ಮ ಮಗನು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ‘ಪಾಡ್‌ಕಾಸ್ಟ್’ 2004ರಲ್ಲಿ ಹುಟ್ಟಿದ ಕೂಸು.

ಇನ್ನು ‘ಇ’ ಉಳ್ಳ ಕಾಸ್ಟ್. ಇದನ್ನು ಹೇಳುವುದಕ್ಕೆ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

1992ನೆಯ ಇಸವಿ, ನಾವು ಕೆಲಸಕ್ಕೆ ಸೇರಿ ಹೆಚ್ಚು ವರ್ಷಗಳಾಗಿರಲಿಲ್ಲ. ಮಲೆನಾಡಿನ ಸೆರಗಿನಲ್ಲಿದ್ದ ಒಂದು ಹಳ್ಳಿಯ ಪ್ರೌಢಶಾಲೆ. ಇಂಗ್ಲಿಷ್ ಮೇಷ್ಟರು ದೀರ್ಘ ರಜೆಯ ಮೇಲೆ ಹೋದುದರಿಂದ, ಸಂಸ್ಕೃತ ಕನ್ನಡಗಳನ್ನು ಹೇಳಿಕೊಡುತ್ತಿದ್ದ ನಮಗೆ ಒಂಬತ್ತನೆಯ ತರಗತಿಯ ಇಂಗ್ಲಿಷೂ ಬಂದು ಬಿದ್ದಿತು. ಪಾಠದಲ್ಲಿ ಒಂದು ಕಡೆ ‘ಔಟ್‌ಕಾಸ್ಟ್’ ಎಂಬ ಶಬ್ದವಿದ್ದಿತು. ವ್ಯುತ್ಪತ್ತಿ ಹೇಳುವ ಚಪಲವು ಸಂಸ್ಕೃತ ಓದಿದವರಿಗೆ ಇರತಕ್ಕದ್ದೇ. “ಕಾಸ್ಟ್ ಎಂದರೆ ಎಸೆ. ಔಟ್‌ಕಾಸ್ಟ್ ಎಂದರೆ ಹೊರಗೆ ಹಾಕಲ್ಪಟ್ಟವನು. ಜಾತಿಗೆ ಕಾಸ್ಟ್ ಎಂಬ ಹೆಸರು ಬಂದುದೂ ಇದರಿಂದಲೇ, ಏಕೆಂದರೆ ಜಾತಿಯಿಂದ ಹೊರಗೆ ಹಾಕುವ ಪದ್ಧತಿ ಇರುವುದಷ್ಟೆ” ಎಂದು, ಪಾಣಿನಿಯೇ ಬಂದು ಕಿವಿಯಲ್ಲಿ ಹೇಳಿದಂತೆ ಧೈರ್ಯವಾಗಿ ಹೇಳಿಬಿಟ್ಟೆವು.

ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನು ಎದ್ದು ನಿಂತನು. ಊರ ಹೊರಗಿನ ಕೇರಿಯವನು. ಎಂದೂ ಮಾತನಾಡುತ್ತಿರಲಿಲ್ಲ. “ಸಾರ್, ನಮ್ಮನ್ನ ಹೊರಗೆ ಹಾಕಿದೋರು ಯಾರು?” ಎಂದನು.

ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ವ್ಯಾಕರಣದಲ್ಲಿ ನಾವೇ ಕಲಿಸಿದ್ದಂತೆ, ಕರ್ಮವಿದ್ದ ಮೇಲೆ ಕರ್ತೃವಿರಬೇಕೆಂದು ಅವನು ಕೇಳಿದ್ದನು, ಅಷ್ಟೆ. ಯಾರೋ ಕಿಸಕ್ಕನೆ ನಕ್ಕರು. ನಾವು, “ಪಾಠದಲ್ಲಿರುವುದನ್ನು ಕೇಳು. ಕುಳಿತುಕೋ” ಎಂದೆವು. ಕುಳಿತುಕೊಂಡನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಆ ಕೇರಿಯ ಮಕ್ಕಳೆಲ್ಲರೂ ಬಾಗಿಲ ಬಳಿಯ ಬೆಂಚಿನಲ್ಲಿಯೇ ಕುಳಿತುಕೊಳ್ಳುತ್ತಿದ್ದರು. ಅಲ್ಲಿ ಕೂರೆಂದು ಅವರಿಗೆ ಯಾರೂ ಹೇಳಿದ್ದುದನ್ನು ನಾವು ಕೇಳಿರಲಿಲ್ಲ, ಮುಂದಕ್ಕೆ ಬನ್ನಿರೆಂದು ನಾವೂ ಹೇಳಿರಲಿಲ್ಲ.

ಹದಿನೈದು ವರ್ಷಗಳಾದ ಮೇಲೆ, ಒಂದು ಗ್ರಂಥಭಂಡಾರದಲ್ಲಿ ‘ಹಾಬ್ಸನ್ ಜಾಬ್ಸನ್’ ಎಂಬ ವಿಚಿತ್ರವಾದ ಹೆಸರಿನ ಹಳೆಯ ನಿಘಂಟು ಕೈಗೆ ಸಿಕ್ಕಿತು. ಇಂಡಿಯಾದಲ್ಲಿದ್ದ ಇಂಗ್ಲಿಷರ ಮಾತುಗಳನ್ನು ಕೂಡಿಸಿ 1886ರಲ್ಲಿ ಅಚ್ಚುಮಾಡಿದ ಗ್ರಂಥವದು. ಅದರಿಂದ ತಿಳಿದುದೇನೆಂದರೆ, ಜಾತಿ ಎಂಬರ್ಥದ ಶಬ್ದವು ಪೋರ್ಚುಗೀಸರ ‘ಕಾಸ್ತಾ’. ಕುಲ, ವಂಶ, ತಳಿ ಎಂದು ಅದರ ಅರ್ಥ. ಪೋರ್ಚುಗಲ್ಲಿನಲ್ಲಿ ದ್ರಾಕ್ಷಿಯ ತಳಿಗಳನ್ನು ಇಂದಿಗೂ ಹಾಗೆಯೇ ಕರೆಯುವರು. ಸಮುದ್ರದ ಮೇಲೆ ಬಂದ ಆ ವರ್ತಕರು ಇಲ್ಲಿಯ ಜಾತಿಗಳನ್ನು ಕಂಡು ತಮ್ಮಲ್ಲಿದ್ದ ಮಾತನ್ನು ಅಂಟಿಸಿದರು. ಗೋವೆಯಲ್ಲಿದ್ದ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ 1563ರ ಗ್ರಂಥದಲ್ಲಿಯೇ ಆ ಪ್ರಯೋಗವುಂಟು. ಅವರಿಂದ ಅದು ಇಂಗ್ಲಿಷಿಗೆ ಬಂದಿತು. ಶುದ್ಧ ಎಂಬರ್ಥದ ಲ್ಯಾಟಿನ್ ಶಬ್ದವೇ ಕಾಸ್ತಾದ ಮೂಲವೆಂದು ಒಂದು ಪಕ್ಷ. ಸ್ಪೇನಿನಲ್ಲಿ ಒಮ್ಮೆ ಆಳಿದ ಗಾಥ್ ಜನರ ನುಡಿಯಿಂದ ಬಂದಿರಬೇಕೆಂದು ಇನ್ನೊಂದು ಪಕ್ಷ. ಈ ಎರಡನೆಯವರ ಮಾತು ನಿಜವಾದರೆ ಅದಕ್ಕೂ ನಾರ್ಸರ ಕಸ್ತಕ್ಕೂ ಬಹು ಹಿಂದೆ ಎಲ್ಲಿಯೋ ನಂಟಿರಬಹುದು. ಅದೇನೇ ಇರಲಿ, ಹೊರಗೆ ಎಸೆಯುವುದರಿಂದ ಜಾತಿಗೆ ಆ ಹೆಸರು ಬಂದಿತೆಂದು ನಾವು ಕಟ್ಟಿದ ಕಥೆಗೆ ಯಾವ ಆಧಾರವೂ ಇಲ್ಲ. 1800ರ ಸುಮಾರಿನವರೆಗೆ ಇಂಗ್ಲಿಷರೂ ಎರಡನ್ನೂ ಒಂದೇ ಬಗೆಯಲ್ಲಿ ಬರೆಯುತ್ತಿದ್ದರು, ಆಮೇಲೆ ಫ್ರೆಂಚರನ್ನು ನೋಡಿ ‘ಇ’ಯನ್ನು ಹಚ್ಚಿಕೊಂಡರೆಂಬುದು ಮಾತ್ರ ನಮ್ಮ ತಪ್ಪಿಗೆ ಅಲ್ಪಸ್ವಲ್ಪ ಸಮಾಧಾನ. ಕನ್ನಡದ ಲಿಪಿಯಲ್ಲಿ ಬರೆದಾಗ ಅವು ಈಗಲೂ ಒಂದೇ ಆಗಿವೆ.

ಅಂದು ಪುಸ್ತಕವನ್ನು ಮುಚ್ಚಿದಾಗ ನಮಗೆ ಮೊದಲು ಆದುದು ನಾಚಿಕೆಯಲ್ಲ, ಹಗುರ. ವ್ಯುತ್ಪತ್ತಿಯೇ ತಪ್ಪಾದ ಮೇಲೆ ಅದರ ಮೇಲೆ ನಿಂತ ಪ್ರಶ್ನೆಯೂ ಬಿದ್ದುಹೋಯಿತೆಂದು ತೋರಿತು. ಪಂಡಿತರೆನ್ನಿಸಿಕೊಂಡವರಿಗೆ ಇಂತಹ ಸಂದುಗಳು ಬೇಗ ಕಾಣುವುವು. ಮನೆಗೆ ನಡೆದು ಬರುತ್ತಿರುವಾಗ, ಆ ಹುಡುಗನು ನಿಂತಿದ್ದುದು ಶಬ್ದದ ಮೇಲಲ್ಲ, ಬಾಗಿಲ ಬಳಿಯಲ್ಲಿ ಎಂಬುದು ನೆನಪಾಯಿತು.

ಈ ವರ್ಷದ ಮಾಘದಲ್ಲಿ, ಮೊಮ್ಮಗಳ ಕೈ ಚೆನ್ನಾಗಿ ಕೂಡಿಕೊಂಡು ಬಹುದಿನಗಳಾದ ಮೇಲೆ, ಒಂದು ಮದುವೆಗೆಂದು ಶಿವಮೊಗ್ಗೆಗೆ ಹೋಗಿದ್ದೆವು. ಛತ್ರದ ಬಾಗಿಲಲ್ಲಿ ನಡುವಯಸ್ಸಿನ ಗೃಹಸ್ಥರೊಬ್ಬರು ನಮ್ಮನ್ನು ದೃಷ್ಟಿಸಿ ನೋಡಿ, ಕಾಲಿಗೆ ಕೈಮುಟ್ಟಿಸಿ, ತಮ್ಮ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳಿದರು. ಅವನೇ. ‘ಅವನು’ ಎಂದು ಬರೆಯುವುದು ಮೇಷ್ಟರ ಹಳೆಯ ಅಭ್ಯಾಸ; ‘ಅವರು’ ಎನ್ನಬೇಕು. ತಮ್ಮ ಎರಕದ ಕಾರ್ಖಾನೆಯನ್ನು ನೋಡದೆ ಹೋಗಕೂಡದೆಂದು ಹಟಹಿಡಿದು ಮೋಟಾರಿನಲ್ಲಿ ಕರೆದುಕೊಂಡು ಹೋದರು. ಬಾಗಿಲ ಮೇಲಿನ ಫಲಕದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ‘ಕಾಸ್ಟಿಂಗ್ಸ್’ ಎಂದು ಬರೆದಿತ್ತು.

ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ, ಅಚ್ಚನ್ನು ಎರಡು ಪೆಟ್ಟಿಗೆಗಳಲ್ಲಿ ಅರ್ಧರ್ಧವಾಗಿ ಮಾಡಿ, ಒಂದರ ಮೇಲೊಂದನ್ನು ಕೂರಿಸುವ ಬಗೆಯನ್ನು ಅವರು ತಾಳ್ಮೆಯಿಂದ ತೋರಿಸಿದರು. ಶುದ್ಧವಾದ ಕಬ್ಬಿಣವನ್ನು ಕರಗಿಸಲು 1,538 ಡಿಗ್ರಿ ಶಾಖ ಬೇಕಂತೆ. ಎರಕದ ಕಬ್ಬಿಣದಲ್ಲಿ ಇದ್ದಿಲಿನ ಸತ್ತ್ವವು ನೂರಕ್ಕೆ ಮೂರು ನಾಲ್ಕು ಭಾಗ ಸೇರಿರುವುದರಿಂದ ಸುಮಾರು 1,200 ಡಿಗ್ರಿಗೇ ನೀರಾಗುವುದು. “ಹಾಗಾಗಿಯೇ ಸಾರ್, ಅಚ್ಚಿನ ಮೂಲೆಮೂಲೆಗೂ ಹರಿದು ಹೋಗೋದು” ಎಂದರು. ಅವರು ಮೇಷ್ಟರಾಗಿದ್ದರೆ ನಮಗಿಂತ ಚೆನ್ನಾಗಿ ಪಾಠ ಹೇಳುತ್ತಿದ್ದರು.

ನಾವು ತಡೆಯಲಾರದೆ ಆ ದಿನದ ಸಂಗತಿಯನ್ನು ಎತ್ತಿದೆವು. ನಾವು ಹೇಳಿದ ವ್ಯುತ್ಪತ್ತಿ ತಪ್ಪೆಂದೂ, ಪೋರ್ಚುಗೀಸರದೆಂದೂ, ‘ಇ’ ಅಕ್ಷರದ ವಿಷಯವನ್ನೂ ಎಲ್ಲವನ್ನೂ ಹೇಳಿದೆವು. ಅವರು ಕೊನೆಯವರೆಗೂ ಕೇಳಿದರು.

“ಆ ಶಬ್ದ ಏನಂತ ನನಗೆ ನೆನಪೇ ಇಲ್ಲ ಸಾರ್,” ಎಂದರು. “ನೀವು ಕೂತ್ಕೋ ಅಂದಿದ್ದು ನೆನಪಿದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಬ್ದ ಪೋರ್ಚುಗೀಸರದೇ ಇರಲಿ. ಯಾರು ಸಾರ್?” ಎಂದರು.

“ನಮ್ಮ ಹಿರಿಯರು. ನೋಡಿಕೊಂಡು ಸುಮ್ಮನಿದ್ದವರಲ್ಲಿ ನಾನೂ ಒಬ್ಬ” ಎಂದೆವು. ಮೂವತ್ತು ವರ್ಷಗಳ ಹಿಂದೆ ಹೇಳಬಹುದಾಗಿದ್ದ ಉತ್ತರ, ನಿಘಂಟನ್ನು ನೋಡಬೇಕಾಗಿರಲಿಲ್ಲ.

ಅವರು ತಲೆಯಾಡಿಸಿದರು. ಒಪ್ಪಿದರೋ, ಕೇಳಿಸಿತು ಎಂದಷ್ಟೇ ಅರ್ಥವೋ, ನಮಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಆಳೊಬ್ಬನು ಕೂಗಿದನು. ಕುಲುಮೆಯ ಕಬ್ಬಿಣ ಹದಕ್ಕೆ ಬಂದಿದ್ದಿತು. ಅವರು ಕಣ್ಣಿಗೆ ಕಪ್ಪು ಕನ್ನಡಕವನ್ನು ಹಾಕಿಕೊಳ್ಳುತ್ತ, “ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ ಸಾರ್, ಕಿಡಿ ಹಾರುತ್ತೆ” ಎಂದು ಹೇಳಿ ಮುಂದಕ್ಕೆ ಹೋದರು. ನಾವು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಎರಕ ಮುಗಿಯುವವರೆಗೂ ನಿಂತು ನೋಡಿದೆವು.